ಕುಂಕುಮ ಹಚ್ಚಿಸಿಕೊಂಡ ಬಿಲ್ಲೆ

೧೯೮೭ರ ಅಕ್ಟೋಬರ್ ೧, ಗುರುವಾರ, ಬೆಳಿಗ್ಗೆ ಒಂಬತ್ತೂಕಾಲು ಗಂಟೆ. ಕೊಲ್ಹಾಪುರದ ಬಾಹುಬಲಿ ಕಾಕಾನ ವರ್ಕ್‌ಶಾಪಿನಲ್ಲಿ ಖಂಡೇನವಮಿಯ ಆಯುಧಪೂಜೆ ಮುಗಿದಿತ್ತು. ಲೇತು, ಡ್ರಿಲ್ಲು, ಗೋಡೆಯ ಗಡಿಯಾರ, ಮೂಲೆಯ ಕಸಬರಿಗೆ, ಯಾವುದಕ್ಕೂ ಅರಿಶಿನ ಕುಂಕುಮ ತಪ್ಪಿರಲಿಲ್ಲ. ನಡುವೆ ದೇವಿಯ ಪಟದ ಮುಂದೆ, ತಾಮ್ರದ ತಟ್ಟೆಯಲ್ಲಿ, ಚೆಂಡುಹೂವಿನ ಮೇಲೆ, ರೂಪಾಯಿ ಅಗಲದ ಬಂಗಾರ ಬಣ್ಣದ ಬಿಲ್ಲೆಯೊಂದು ಕೂತಿತ್ತು. ಅದನ್ನು ಕಂಡ ಛಾಯಾ ತನ್ನ ಮೇಜಿನ ಕಡೆ ತಿರುಗಿದಳು; ಅಲ್ಲಿನ ಗಾಜಿನ ಡಬ್ಬಿ ಖಾಲಿಯಾಗಿತ್ತು.

ಗಡಹಿಂಗ್ಲಜದ ಛಾಯಾ ಭೌತಶಾಸ್ತ್ರದಲ್ಲಿ ಎಮ್.ಎಸ್ಸಿ. ಮುಗಿಸಿ ಕಾಕಾನ ಕೈಕೆಳಗೆ ಸೇರಿ ಎರಡು ವರ್ಷವಾಗಿತ್ತು. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಟೈಟೇನಿಯಮ್ಮನ್ನು ಆವಿ ಮಾಡಿ ನೈಟ್ರೋಜನ್ ಬಿಟ್ಟರೆ, ಲೋಹದ ಮೇಲೆ ಟೈಟೇನಿಯಮ್ ನೈಟ್ರೈಡಿನ ತೆಳುವಾದ ಗಟ್ಟಿ ಲೇಪ ಕೂರುತ್ತದೆ. ಕಾಕಾ ಅದನ್ನು ಡ್ರಿಲ್ಲುಗಳಿಗೆ ಕೊಟ್ಟು, ಬಂಗಾರದ ನೀರು ಕುಡಿಸಿದ್ದೇವೆ ಎಂದು ಇಚಲಕರಂಜಿಯ ಕಾರಖಾನೆಯವರಿಗೆ ಮಾರುತ್ತಿದ್ದ. ಬಂಗಾರ ಅದರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ಛಾಯಾಳ ಲೆಕ್ಕವೇ ಬೇರೆ. ಈ ಲೇಪದ ಮೇಲೆ ರಕ್ತ ಬೇಗ ಹೆಪ್ಪುಗಟ್ಟದಿದ್ದರೆ ಹೃದಯದ ಕೃತಕ ಕವಾಟಕ್ಕೆ ಅದು ಆದೀತು. ಮುಂಬೈಯ ಸರ್ಜನ್ ಒಬ್ಬರು ಕವಾಟದ ಬಾಗಿಲಾಗುವಂಥ ಒಂದು ಬಿಲ್ಲೆ ಕಳಿಸಿರಿ, ಮೊದಲು ಕುರಿಯ ಹೃದಯದಲ್ಲಿ ಕೂರಿಸಿ ನೋಡುತ್ತೇನೆ ಎಂದಿದ್ದರು. ಕುರಿ ಸತ್ತರೆ ಅವರು ಎರಡನೆಯದನ್ನು ಕೇಳುವವರಲ್ಲ.

ಲೇಪ ಕೊಟ್ಟ ಒಟ್ಟು ಮೂರು ಬಿಲ್ಲೆಗಳನ್ನು ಅವಳು ತೊಳೆದು ಗಾಜಿನ ಡಬ್ಬಿಗಳಲ್ಲಿ ಮುಚ್ಚಿದ್ದಳು. ಎರಡು ಕಪಾಟಿನಲ್ಲಿ ಬೀಗದೊಳಗಿದ್ದವು. ಮೂರನೆಯದು ಮೇಜಿನ ಮೇಲಿತ್ತು. ಹಿಂದಿನ ವರ್ಷ ಮೈಕ್ರೋಸ್ಕೋಪಿನ ಕಣ್ಣಿಗೇ ಕುಂಕುಮ ಮೆತ್ತಿದ ಮಹಾಶಯ ಮೇಜಿನ ಮೇಲಿನದನ್ನು ಬಿಟ್ಟಾನೆಯೇ?

ಕಾಕಾ ಬಿಲ್ಲೆಯನ್ನು ಎತ್ತಿ, ಧೋತರದ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದ.

"ಇದನ್ನs ಕಳಸೂಣು. ದೇವಿ ಮುಂದ ಕುಂತು ಎದ್ದೈತಿ. ಮತ್ತೇನ ಬೇಕು?"

"ದೇವಿ ಮುಂದ ಕುಂತೈತಿ ಖರೆ ಕಾಕಾ. ಕುರಿ ಎದ್ಯಾಗ ಕುಂದರಬೇಕಲ್ಲ."

ಕಲಿತವರಿಗೆ ದೇವರೆಂದರೆ ಸಸಾರ ಎಂದು ಅವನು ಗೊಣಗಿದ. ಹಾಗಾದರೆ ಒಂದಿಷ್ಟು ರಕ್ತ ಹಾಕಿ ನೋಡೋಣ ಎಂದಳು ಅವಳು. ಕಾಕಾ ಅಂಗಿಯ ತೋಳು ಮಡಚಿ ಕೈ ಚಾಚಿಯೇ ಬಿಟ್ಟ.

"ನಂದs ತಗೊ. ಒಂಬತ್ತ ದಿನ ಉಪಾಸ ಇದ್ದ ರಕ್ತ. ಇಷ್ಟ ಚೊಕ್ಕಂದು ಈ ಊರಾಗ ಸಿಗೂದಿಲ್ಲ."

ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಶೇಂಗಾ ಉಂಡೆ, ಡಜನ್ ಬಾಳೆಹಣ್ಣು, ಕೆನೆಗಟ್ಟಿದ ಹಾಲು. ಆ ಒಂಬತ್ತು ದಿನಗಳಲ್ಲಿ ಕಾಕಾನ ಹೊಟ್ಟೆ ವರ್ಷದ ಉಳಿದ ದಿನಗಳಿಗಿಂತ ಮುಂದೆ ಬರುತ್ತಿತ್ತು.

ಪಕ್ಕದ ದವಾಖಾನೆಯ ನರ್ಸ್ ಹೌಸಾಬಾಯಿ ಬಂದು ರಕ್ತ ತೆಗೆದಳು. ಛಾಯಾ ಬೀಗ ತೆರೆದು ಒಂದು ಶುದ್ಧ ಬಿಲ್ಲೆಯನ್ನು ತಂದಳು. ಮೈಯ ಬಿಸಿಗೆ ಕಾಯಿಸಿದ ಮುಚ್ಚಿದ ಪೆಟ್ಟಿಗೆಯಲ್ಲಿ ಎರಡರ ಮೇಲೂ ಒಂದೊಂದು ಹನಿ ಬಿಟ್ಟು, ಆಗಾಗ ಚಿಮುಟದಿಂದ ಓರೆ ಮಾಡಿ ನೋಡಿದಳು. ಪೂಜೆಯ ಬಿಲ್ಲೆಯ ಮೇಲಿನ ಹನಿ ಆರೂವರೆ ನಿಮಿಷಕ್ಕೆ ಕುಂಕುಮದ ಕಣಗಳನ್ನು ಅಪ್ಪಿಕೊಂಡು ಗಡ್ಡೆಯಾಗಿ ನಿಂತಿತು. ಬರಿಯ ಗಾಜಿನ ಮೇಲೂ ಅಷ್ಟೇ ಹೊತ್ತು ಹಿಡಿಯುತ್ತದೆ. ಶುದ್ಧ ಬಿಲ್ಲೆಯ ಮೇಲೆ ಹನಿ ಇನ್ನೂ ಜಾರುತ್ತಿತ್ತು.

"ಗಡಿಯಾರ ಮುಂದ ಓಡತೈತಿ," ಎಂದ ಕಾಕಾ.

"ಅದಕ್ಕೂ ಕುಂಕುಮ ಹಚ್ಚೀರಲ್ರಿ ಅಣ್ಣಾ," ಎಂದಳು ಹೌಸಾಬಾಯಿ.

ಕಾಕಾ ಪೂಜೆಯ ಬಿಲ್ಲೆಯನ್ನು ತೊಳೆದು, ಲಕ್ಷ್ಮಿ ಬಂದಂತಾಯಿತು ಎನ್ನುತ್ತ ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡ. ಹೆಪ್ಪುಗಟ್ಟಿಸುವ ಬಿಲ್ಲೆಗೆ, ಒಳಹೋದ ದುಡ್ಡು ಹೊರಬಾರದ ಆ ಪೆಟ್ಟಿಗೆಯೇ ತಕ್ಕ ಜಾಗ ಎಂದುಕೊಂಡಳು ಛಾಯಾ. ಕಪಾಟಿನಲ್ಲಿ ಉಳಿದಿದ್ದ ಕೊನೆಯ ಬಿಲ್ಲೆಯನ್ನು ಡಬ್ಬಿ ತೆರೆಯದೆಯೇ ಸಂಜೆಯ ಮುಂಬೈ ಗಾಡಿಗೆ ಕಳಿಸಲು ಕಟ್ಟಿದಳು. ಜತೆಯ ಚೀಟಿಯಲ್ಲಿ ದೇವಿಯ ಹೆಸರಾಗಲಿ ಕಾಕಾನ ಹೆಸರಾಗಲಿ ಬರೆಯಲಿಲ್ಲ. ಶುದ್ಧ ಬಿಲ್ಲೆಯ ಮೇಲೆ ರಕ್ತ ಹೆಪ್ಪುಗಟ್ಟಲು ಹಿಡಿದ ಕಾಲವನ್ನಷ್ಟೇ ಬರೆದಳು: ೧೯ ನಿಮಿಷ ೩೦ ಸೆಕೆಂಡು.