ಆರು ಮರಿಗಳಿಗೆ ಮನೆ

ಸಾಕುನಾಯಿ ಪಿಂಕಿಗೆ ಒಮ್ಮೆಯಾದರೂ ಮರಿಗಳಾಗಲಿ ಎಂಬುದು ಸೆವ್ರಿನ್ ಬಾಯಿಯ ಆಸೆ. “ಮೊದಲು ಆರು ಮರಿಗಳಿಗೆ ಮನೆ ನೋಡಿಡಿ, ಆಮೇಲೆ ಗಂಡು ನಾಯಿ ಹುಡುಕುವ,” ಎಂದಿದ್ದರು ಹಿರಿಯಡ್ಕದ ಪಶುವೈದ್ಯರು.

ಅದೇನು ಮಹಾ ಕೆಲಸವೆಂದು ಸೆವ್ರಿನ್ ಬಾಯಿ ನೆಂಟರಿಗೆಲ್ಲ ಫೋನು ಮಾಡಿದರು. ಪೆರ್ಡೂರಿನ ತಂಗಿಯಿಂದ ಕಾಪುವಿನ ಮೈದುನನವರೆಗೆ ಎಲ್ಲರದೂ ಒಂದೇ ಮಾತು: “ನಮಗೊಂದು ಇರಲಿ. ಆದರೆ ಗಂಡೇ ಆಗಬೇಕು, ಹೆಣ್ಣು ಬೇಡ.”

ಆರನೆಯ ಫೋನಿಟ್ಟಾಗ ಪಿಂಕಿ ಬಂದು ಅವರ ಮಡಿಲಲ್ಲಿ ಗದ್ದ ಊರಿತು. ಐದು ವರ್ಷದ ಹಿಂದೆ ಮೀನು ಮಾರ್ಕೆಟಿನ ಹಿಂದೆ, ಯಾರೋ ಬಿಗಿದು ಕಟ್ಟಿ ಎಸೆದಿದ್ದ ಗೋಣಿಯೊಳಗೆ ಸಿಕ್ಕಿದ್ದು ಇದು. ಒಳಗಿದ್ದ ನಾಲ್ಕು ಮರಿಗಳೂ ಹೆಣ್ಣೇ. ಜೀವ ಉಳಿದದ್ದು ಇದೊಂದರದೇ.

ಅದರ ಕಿವಿ ಸವರುತ್ತ ಅವರು ವೈದ್ಯರಿಗೆ ಫೋನು ಮಾಡಿದರು.

“ಗಂಡು ಹುಡುಕುವುದು ಬೇಡ ಡಾಕ್ಟ್ರೇ. ಮರಿ ಆಗದ ಹಾಗೆ ಆಪರೇಷನ್ ಮಾಡಿಬಿಡಿ. ಈ ಊರಿಗೆ ಹೆಣ್ಣು ಬೇಡವಂತೆ. ನನಗೆ ಇವಳೊಬ್ಬಳು ಉಂಟಲ್ಲ, ಸಾಕು.”