ಬರಿಗಾಲಿನ ಪರೀಕ್ಷೆ

ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಎಂಬುದೊಂದಿದೆ. ಒಬ್ಬಳು ಹಿಂದಿನ ಗೆರೆಯ ಮೇಲೆ ನಿಂತು ಚೆಂಡನ್ನು ಹೊರಕ್ಕೆ ತಳ್ಳುತ್ತಾಳೆ, ಇನ್ನೊಬ್ಬಳು ಅದನ್ನು ತಡೆದು ನಿಲ್ಲಿಸುತ್ತಾಳೆ, ಮೂರನೆಯವಳು ಗೋಲಿಗೆ ಬಾರಿಸುತ್ತಾಳೆ. ಚಪ್ಪಾಳೆಯೆಲ್ಲ ಮೂರನೆಯವಳಿಗೆ. ಎರಡನೆಯವಳು ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ನೆನಪಿರುತ್ತಾಳೆ. ಮೊದಲನೆಯವಳು ಯಾರೆಂದು ಕೇಳಿದರೆ ಅವಳ ಹೆತ್ತ ತಾಯಿಯೂ ತಲೆ ಕೆರೆದುಕೊಳ್ಳಬೇಕು. ನಮ್ಮ ಕಡ್ಡಿ ಈ ಮೊದಲನೆಯವಳು.

ಕಡ್ಡಿ ಎಂದು ಕರೆದದ್ದು ಕಾಲೇಜಿನ ತಂಡ. ಕರೆಯುವಂತೆಯೇ ಇದ್ದಳು. ಅವಳು ತಳ್ಳಿದ ಚೆಂಡನ್ನು ನಾಲ್ಕು ವರ್ಷ ಗೋಲಿಗೆ ಬಾರಿಸಿ ಹೆಸರು ಮಾಡಿದವಳು ಅವಳ ಗೆಳತಿ ಫಿರಂಗಿ. ಕಾಲೇಜು ಮುಗಿದದ್ದೇ ತಡ, ವೃತ್ತಿಪರ ಲೀಗಿನ ತಂಡವೊಂದು ಫಿರಂಗಿಯನ್ನು ಎತ್ತಿಕೊಂಡು ಹೋಯಿತು. ಕಡ್ಡಿಯನ್ನು ಯಾರೂ ಕೇಳಲಿಲ್ಲ. ಅವಳು ಸ್ಟಿಕ್ಕನ್ನು ಅಟ್ಟದ ಮೇಲಿಟ್ಟು ಅಪ್ಪನ ಜೊತೆ ಕೆಲಸಕ್ಕೆ ಹೊರಟಳು. ಅಪ್ಪ ಟೈಲ್ಸ್ ಹಾಕುವ ಮೇಸ್ತ್ರಿ.

ಈ ಅಪ್ಪನದು ಒಂದು ಪದ್ಧತಿ. ಕೆಲಸ ಮುಗಿಸಿ ಮನೆಯ ಬೀಗದ ಕೈ ಯಜಮಾನರಿಗೆ ಕೊಡುವ ಮೊದಲು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು, ನೆಲದ ಮೇಲೆಲ್ಲ ನಡೆಯುತ್ತಿದ್ದ. ಎಲ್ಲಾದರೂ ಒಂದು ಅಂಚು ಕೂದಲೆಳೆಯಷ್ಟು ಎದ್ದಿದ್ದರೂ ಅವನ ಹೆಬ್ಬೆರಳು ಅಲ್ಲೇ ನಿಲ್ಲುತ್ತಿತ್ತು. "ನಾಳೆ ಇಲ್ಲೊಂದು ಮಗು ಎಡವಿ ಬಿದ್ರೆ ಯಾರ ಹಲ್ಲು ಹೋಗತ್ತೆ? ನಿಂದಾ?" ಎನ್ನುತ್ತಿದ್ದ. ಆಮೇಲೆ ಆ ಟೈಲ್ಸ್ ಕಿತ್ತು ಮತ್ತೆ ಹಾಕಿಸುತ್ತಿದ್ದ. 'ಚೆನ್ನಾಗಿದೆ' ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಎರಡು ವರ್ಷದಲ್ಲಿ ಮಗಳು ಹಾಕಿದ ನೆಲಗಳಲ್ಲಿ ಪ್ರತಿಯೊಂದರಲ್ಲೂ ಒಂದಾದರೂ ಜಾಯಿಂಟು ಅವನ ಕಾಲಿಗೆ ಸಿಕ್ಕೇ ಸಿಕ್ಕಿತ್ತು.

ಹೀಗಿರುವಾಗ ಫಿರಂಗಿ ಫೋನು ಮಾಡಿದಳು. "ಕಡ್ಡೀ, ನಮ್ಮ ತಂಡಕ್ಕೆ ಚೆಂಡು ತಳ್ಳೋರು ಬೇಕಾಗಿದ್ದಾರೆ ಕಣೇ. ಇರೋದು ಒಂದೇ ಜಾಗ. ಹನ್ನೆರಡು ದಿನದ ಶಿಬಿರ. ನಿನ್ನ ಹೆಸರು ಕೊಟ್ಟಾಯ್ತು. ಬರಲ್ಲ ಅಂದ್ರೆ ಅಲ್ಲಿಗೇ ಬಂದು ಒದೀತೀನಿ."

ಕಡ್ಡಿಗೆ ಆ ತಿಂಗಳೇ ಇಪ್ಪತ್ತನಾಲ್ಕು ತುಂಬಿತ್ತು. ಅದಕ್ಕಿಂತ ದೊಡ್ಡವರನ್ನು ಆ ತಂಡ ಹೊಸದಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ಈ ಸಲ ಆಗಲಿಲ್ಲವೆಂದರೆ ಸ್ಟಿಕ್ಕು ಅಟ್ಟದ ಮೇಲೆಯೇ, ಗೆದ್ದಲಿನ ಪಾಲಿಗೆ.

ಅಪ್ಪ ಬೇಡವೆನ್ನಲಿಲ್ಲ. "ಹನ್ನೆರಡು ದಿನ ತಾನೆ? ಹೋಗಿ ಬಾ. ಹದಿಮೂರನೇ ದಿನ ಡಾಕ್ಟರ ಮನೆ ಬಚ್ಚಲಿನ ಕೆಲಸ ಶುರು. ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದ.

"ಆಯ್ಕೆ ಆಗ್ಬಿಟ್ರೆ?"

"ಆಗ ನೋಡೋಣ."

ಅಪ್ಪಂದಿರ 'ಆಗ ನೋಡೋಣ'ಕ್ಕೆ ಅರ್ಥವೇನೆಂದು ಎಲ್ಲ ಮಕ್ಕಳಿಗೂ ಗೊತ್ತು. ಕಡ್ಡಿ ಚೀಲ ತುಂಬಿದಳು.

ಶಿಬಿರಕ್ಕೆ ಹೋಗಿ ನೋಡಿದರೆ ಆ ಒಂದು ಜಾಗಕ್ಕೆ ಇನ್ನೊಬ್ಬಳೂ ಬಂದು ಕೂತಿದ್ದಳು. ಬೇರೊಂದು ಕಾಲೇಜಿನಲ್ಲಿ ಆಡಿದವಳು, ಎತ್ತರದ ಆಳು, ಓಟದಲ್ಲಿ ಕುದುರೆ. ಹಣೆಗೆ ಸದಾ ನೀಲಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದದ್ದರಿಂದ ಫಿರಂಗಿ ಅವಳಿಗೆ ನೀಲಿಪಟ್ಟಿ ಎಂದೇ ಹೆಸರಿಟ್ಟಳು. ಶಿಬಿರದವರು ಕಡ್ಡಿಯನ್ನೂ ನೀಲಿಪಟ್ಟಿಯನ್ನೂ ಒಂದೇ ಕೋಣೆಗೆ ಹಾಕಿದ್ದರು. ಎದುರಾಳಿಯನ್ನು ಮನಸಾರೆ ದ್ವೇಷಿಸಬೇಕೆಂದು ಕಡ್ಡಿ ಬಹಳ ಪ್ರಯತ್ನಪಟ್ಟಳು. ಆದರೆ ನೀಲಿಪಟ್ಟಿ ಬೆಳಗ್ಗೆ ತಾನು ಎದ್ದ ಕೂಡಲೇ ಇವಳಿಗೂ ಟೀ ತಂದಿಡುತ್ತಿದ್ದಳು. ಬಿಸಿ ಟೀ ಕುಡಿಯುತ್ತಾ ದ್ವೇಷಿಸುವುದು ಯಾರಿಂದ ತಾನೇ ಸಾಧ್ಯ?

ಮೊದಲ ದಿನ ಬೂಟು ಹಾಕಿಕೊಳ್ಳುವ ಮೊದಲೇ ಕಡ್ಡಿಯ ಕಾಲು ಅಪ್ಪನ ಬುದ್ಧಿ ತೋರಿಸಿತು. ಹಸಿರು ಹಾಸಿನ ಮೈದಾನ, ಆಗಷ್ಟೇ ನೀರು ಹೊಡೆದು ಒದ್ದೆಯಾಗಿತ್ತು. ಅವಳು ಕಣ್ಣು ಮುಚ್ಚಿ ಹಿಂದಿನ ಗೆರೆಯುದ್ದಕ್ಕೂ, ಆಮೇಲೆ ಚೆಂಡು ಹೋಗುವ ದಾರಿಯಲ್ಲೂ ಬರಿಗಾಲಲ್ಲಿ ನಡೆದಳು. ಚೆಂಡು ಇಟ್ಟು ತಳ್ಳುವ ಜಾಗದಿಂದ ನಾಲ್ಕು ಹೆಜ್ಜೆ ಮುಂದೆ ಹೆಬ್ಬೆರಳು ಗಕ್ಕನೆ ನಿಂತಿತು. ಎರಡು ಹಾಸುಗಳು ಕೂಡುವ ಜಾಯಿಂಟು ಅಲ್ಲಿ ಒಂದು ಉಗುರಿನಷ್ಟು ಎದ್ದಿತ್ತು. ಕಣ್ಣಿಗೆ ಕಾಣುವುದಿಲ್ಲ, ಬೂಟಿಗೆ ತಿಳಿಯುವುದಿಲ್ಲ, ಚೆಂಡಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಕಡ್ಡಿ ಯಾರಿಗೂ ಹೇಳಲಿಲ್ಲ. ಎದ್ದ ತುಂಡನ್ನು ತಪ್ಪಿಸಿ ಒಂದು ಗೇಣು ಎಡಕ್ಕೆ ಚೆಂಡು ತಳ್ಳತೊಡಗಿದಳು. ಎದುರಿಗೆ ಚೆಂಡು ತಡೆಯುವ ಹುಡುಗಿ ಅರ್ಧ ಹೆಜ್ಜೆ ಸರಿದು ನಿಂತಳು, ಫಿರಂಗಿ ಬಾರಿಸಿದಳು, ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ನೀಲಿಪಟ್ಟಿ ನೇರ ತಳ್ಳುತ್ತಿದ್ದಳು, ಅವಳ ಚೆಂಡು ಜಾಯಿಂಟಿಗೆ ತಗುಲಿ ಪುಟಿಯುತ್ತಿತ್ತು. "ಚೆಂಡು ತಳ್ಳು ಅಂದೆ, ಹಾರ್ಸು ಅಂತ ಯಾರು ಹೇಳಿದ್ರು?" ಎಂದು ಕೋಚ್ ಮೇಡಂ ಕೂಗುತ್ತಿದ್ದರು. ನೀಲಿಪಟ್ಟಿ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದಳು.

ಕಡ್ಡಿಗೆ ಖುಷಿಯಾಯಿತೇ? ಆಯಿತು. ಸುಳ್ಳು ಹೇಳುವುದೇಕೆ, ಒಂದು ವಾರ ಸಖತ್ತಾಗಿಯೇ ಖುಷಿಯಾಯಿತು. ಇನ್ನು ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಜಾಗ ತನ್ನದೇ ಎಂದು ಲೆಕ್ಕ ಹಾಕಿಕೊಂಡಳು.

ಹನ್ನೊಂದನೆಯ ದಿನ ಮಧ್ಯಾಹ್ನ ನೀಲಿಪಟ್ಟಿಯ ಚೆಂಡು ಪುಟಿದು ತಡೆಯುವ ಹುಡುಗಿಯ ಮಣಿಕಟ್ಟಿಗೆ ಬಡಿಯಿತು. ಮೂಳೆಗೆ ಏನೂ ಆಗಲಿಲ್ಲ, ಆದರೆ ಕೈ ಊದಿಕೊಂಡಿತು. ನೀಲಿಪಟ್ಟಿ ಕೋಣೆಗೆ ಬಂದು, ಹಣೆಯ ಪಟ್ಟಿ ಬಿಚ್ಚಿ, "ನಂಗೆ ತಳ್ಳೋಕೇ ಬರಲ್ಲ ಅನ್ಸತ್ತೆ. ನಾಲ್ಕು ವರ್ಷ ಸುಮ್ನೆ ಬರತ್ತೆ ಅಂದ್ಕೊಂಡಿದ್ದೆ" ಎಂದಳು. ಅತ್ತಿದ್ದರೆ ಕಡ್ಡಿ ಹೇಗೋ ತಡೆದುಕೊಳ್ಳುತ್ತಿದ್ದಳು. ಅವಳು ಅಳಲಿಲ್ಲ, ಎದ್ದು ಇಬ್ಬರಿಗೂ ಟೀ ತರಲು ಹೋದಳು.

ಯಾರ ಹಲ್ಲು ಹೋಗತ್ತೆ, ನಿಂದಾ? ಅಪ್ಪ ಕಡ್ಡಿಯ ಕಿವಿಯ ಪಕ್ಕದಲ್ಲೇ ನಿಂತು ಕೇಳಿದಂತಿತ್ತು. ಅವಳು ಟೀಗೂ ಕಾಯದೆ ಮೈದಾನಕ್ಕೆ ಓಡಿದಳು.

ಮೈದಾನ ನೋಡಿಕೊಳ್ಳುವವರನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ಅವರು ನೀರಿನ ಪೈಪು ಸುತ್ತಿಡುತ್ತಿದ್ದರು. ಸಂಜೆ ಬಿಸಿಲು ಇನ್ನೂ ಇತ್ತು.

"ಮಾಮಾ, ಅಲ್ಲೊಂದು ಜಾಯಿಂಟು ಎದ್ದಿದೆ. ಅಂಟು ಇದೆಯಾ?"

"ಎಲ್ಲೂ ಎದ್ದಿಲ್ಲ ತಾಯಿ. ದಿನಾ ನಾನೇ ನೋಡ್ತೀನಲ್ಲ."

"ನೋಡಿದ್ರೆ ಕಾಣಲ್ಲ. ಚಪ್ಪಲಿ ಬಿಡಿ."

ಮಾಮ ಗೊಣಗುತ್ತಲೇ ಚಪ್ಪಲಿ ಬಿಟ್ಟರು, ಅವಳು ತೋರಿಸಿದಲ್ಲಿ ಕಾಲಿಟ್ಟರು, ಹುಬ್ಬು ಮೇಲೇರಿಸಿದರು. ಉಗ್ರಾಣದಿಂದ ಅಂಟಿನ ಡಬ್ಬ, ಚಾಕು, ರೋಲರು ತಂದರು. ಕಡ್ಡಿ ಮಂಡಿಯೂರಿ ಕೂತು ಜಾಯಿಂಟು ಬಿಡಿಸಿದಳು. ಒಳಗೆ ಹಳೆಯ ಅಂಟು ಗಂಟುಗಟ್ಟಿತ್ತು. ಅದನ್ನು ಕೆರೆದು, ಒರೆಸಿ, ಒಣಗಿಸಿ, ತೆಳ್ಳಗೆ ಹೊಸ ಅಂಟು ಬಳಿದು, ಎರಡು ಅಂಚನ್ನೂ ಕೂಡಿಸಿ ಒತ್ತಿದಳು. ಮಾಮ ಮೇಲೆ ಮರಳಿನ ಚೀಲಗಳನ್ನು ಪೇರಿಸಿದರು. "ನಿಮ್ಮಪ್ಪ ಏನು ಕೆಲಸ?" ಎಂದು ಕೇಳಿ, ಉತ್ತರ ಕೇಳಿ, "ಗೊತ್ತಾಯ್ತು ಬಿಡು" ಎಂದರು. ಕೋಣೆಗೆ ಬಂದಾಗ ಅವಳ ಪಾಲಿನ ಟೀ ಆರಿ ತಣ್ಣಗಾಗಿತ್ತು. ಗಟಗಟನೆ ಕುಡಿದಳು, ಅಷ್ಟು ರುಚಿಯಾದ ಟೀ ಶಿಬಿರದಲ್ಲಿ ಅದುವರೆಗೆ ಸಿಕ್ಕಿರಲಿಲ್ಲ.

ಹನ್ನೆರಡನೆಯ ದಿನ ಆಯ್ಕೆ. ತಡೆಯುವ ಹುಡುಗಿಯ ಕೈಗೆ ಪಟ್ಟಿ ಬಿದ್ದಿದ್ದರಿಂದ ಕೋಚ್ ಮೇಡಂ ಅವಳು ನಿಲ್ಲುವ ಜಾಗದಲ್ಲಿ ಒಂದು ಬಿಳಿ ಹಲಗೆಯನ್ನು ಅಡ್ಡವಾಗಿ ನಿಲ್ಲಿಸಿದರು. ನಡುವೆ ಕೆಂಪು ಬಣ್ಣದಲ್ಲಿ ಒಂದು ಚೌಕ. ಒಬ್ಬೊಬ್ಬರಿಗೂ ಹತ್ತು ಚೆಂಡು, ಚೌಕಕ್ಕೆ ಬಡಿದದ್ದು ಮಾತ್ರ ಲೆಕ್ಕಕ್ಕೆ. ಒದ್ದೆ ಚೆಂಡು ಬಡಿದಲ್ಲಿ ಕಪ್ಪು ಗುರುತು ಉಳಿಯುತ್ತಿತ್ತು.

ಗ್ಯಾಲರಿಯ ಮೊದಲ ಸಾಲಿನಲ್ಲಿ ಅಪ್ಪ ಬಂದು ಕೂತಿದ್ದ. ಪಕ್ಕದಲ್ಲಿ ಕೆಲಸದ ಚೀಲ. ಹೇಳಿದಂತೆಯೇ ಕರೆದುಕೊಂಡು ಹೋಗಲು ಬಂದಿದ್ದ, ದಾರಿಯಲ್ಲೇ ಡಾಕ್ಟರ ಮನೆಗೆ ಹೋಗಿ ನಾಳೆಯ ಕೆಲಸಕ್ಕೆ ಅಳತೆ ನೋಡುವ ಅಂದಾಜು ಇದ್ದಿರಬೇಕು.

ನೀಲಿಪಟ್ಟಿ ಮೊದಲು ತಳ್ಳಿದಳು. ಚೆಂಡು ಪುಟಿಯಲಿಲ್ಲ. ಅವಳೇ ನಂಬಲಾರದೆ ಒಮ್ಮೆ ಸ್ಟಿಕ್ಕನ್ನು, ಒಮ್ಮೆ ಆಕಾಶವನ್ನು ನೋಡಿದಳು. ಹತ್ತರಲ್ಲಿ ಎಂಟು ಚೌಕಕ್ಕೆ ಬಿದ್ದವು, ಎರಡು ಅತ್ತಿತ್ತ ಹೋದವು. ಫಿರಂಗಿ ಬಾಯಲ್ಲಿ ಬೆರಳಿಟ್ಟುಕೊಂಡಳು. ಮೇಡಂ ಹಲಗೆ ಒರೆಸಿಸಿದರು.

ಈಗ ಕಡ್ಡಿಯ ಸರದಿ. ಬಗ್ಗಿದಳು, ಉಸಿರು ಹಿಡಿದಳು, ತಳ್ಳಿದಳು. ಚೆಂಡು ಸುಂಯ್ಯನೆ ಹೋಗಿ ಚೌಕದಿಂದ ಸರಿಯಾಗಿ ಒಂದು ಗೇಣು ಎಡಕ್ಕೆ ಬಡಿಯಿತು.

ಅವಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ಎರಡನೆಯದನ್ನೂ ತಳ್ಳಿದಳು. ಅದೂ ಅಲ್ಲಿಗೇ. ಆಗ ತಲೆಗೆ ಹೊಳೆಯಿತು. ಹನ್ನೊಂದು ದಿನ ಜಾಯಿಂಟನ್ನು ತಪ್ಪಿಸಿ ತಪ್ಪಿಸಿ ಕೈಗೆ ಅದೇ ಅಭ್ಯಾಸವಾಗಿತ್ತು. ಜಾಯಿಂಟನ್ನು ಸರಿಮಾಡಿದವಳು ಕೈಗೆ ಆ ಸುದ್ದಿ ಮುಟ್ಟಿಸುವುದನ್ನೇ ಮರೆತಿದ್ದಳು! ತನ್ನ ದಡ್ಡತನಕ್ಕೆ ತನಗೇ ನಗು ಬಂತು. ಉಳಿದ ಎಂಟನ್ನೂ ನೇರ ತಳ್ಳಿದಳು. ಎಂಟೂ ಚೌಕದೊಳಗೆ ಕೂತವು.

ಎಂಟಕ್ಕೆ ಎಂಟು, ಸರಿಸಮ. ಸರಿಸಮವಾದರೆ ಉದ್ದ ಕಾಲಿನವಳನ್ನು, ಓಡುವವಳನ್ನು ತೆಗೆದುಕೊಳ್ಳುತ್ತಾರೆಂದು ಕಡ್ಡಿಗೆ ಗೊತ್ತಿತ್ತು. ಅವಳು ಗ್ಯಾಲರಿಯ ಕಡೆ ನೋಡಲಿಲ್ಲ.

ಕೋಚ್ ಮೇಡಂ ಮಾತ್ರ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಇಲ್ಲಿ ಬಾ. ನಿಂದು ಎರಡು ತಪ್ಪಿದೆಯಲ್ಲ, ಗುರುತು ಒಂದೇ ಇದೆ. ಇನ್ನೊಂದೆಲ್ಲಿ?"

"ಅದರ ಮೇಲೇ ಬಿದ್ದಿದೆ ಮೇಡಂ."

"ತಪ್ಪೋದನ್ನೂ ಒಂದೇ ಜಾಗಕ್ಕೆ ತಪ್ತಾರಾ ಯಾರಾದ್ರೂ? ನೀನು ಅಲ್ಲಿಗೇ ಗುರಿ ಇಟ್ಟಿದ್ದೆ. ಯಾಕೆ?"

ಕಡ್ಡಿಯ ಕಣ್ಣು ಜಾಯಿಂಟಿನ ಕಡೆ ಹೋಯಿತು. ನೀರಿನ ಪೈಪು ಹಿಡಿದು ನಿಂತಿದ್ದ ಮಾಮನಿಗೆ ತಡೆಯಲಾಗಲಿಲ್ಲ. "ನಾನು ಹೇಳ್ತೀನಿ ಮೇಡಂ" ಎಂದು ಶುರುಮಾಡಿ, ಜಾಯಿಂಟು, ಅಂಟು, ಮರಳಿನ ಚೀಲ ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟರು. ಮೇಡಂ ಬೂಟು ಬಿಚ್ಚಿ ಆ ಜಾಗದಲ್ಲಿ ಕಾಲಾಡಿಸಿದರು.

"ಹನ್ನೊಂದು ದಿನ ಈ ಹುಡುಗಿ ಮೇಲೆ ಸುಮ್ಸುಮ್ನೆ ಕೂಗಾಡಿದ್ನಾ?" ಎಂದು ನೀಲಿಪಟ್ಟಿಯ ಕಡೆ ತಿರುಗಿದರು. "ತಪ್ಪು ನಂದಮ್ಮ. ಇವತ್ತು ಚೆನ್ನಾಗಿ ತಳ್ಳಿದೀಯ. ಪಕ್ಕದ ತಂಡದವರು ಆಳು ಹುಡುಕ್ತಾ ಇದ್ದಾರೆ, ಈಗಲೇ ಫೋನ್ ಮಾಡ್ತೀನಿ." ಆಮೇಲೆ ಕಡ್ಡಿಯ ಭುಜ ಹಿಡಿದರು. "ನಂಗೆ ಬೇಕಾಗಿರೋದು ಎಲ್ಲಿಗೆ ಅಂದ್ರೆ ಅಲ್ಲಿಗೇ ತಳ್ಳೋ ಕೈ. ಅದು ನಿಂದು. ಸೋಮವಾರದಿಂದ ಅಭ್ಯಾಸಕ್ಕೆ ಬಾ. ಆದ್ರೆ ಇನ್ನೊಂದ್ಸಲ ಇಂಥದ್ದು ಗೊತ್ತಾದ್ರೆ ಮೊದಲನೇ ದಿನವೇ ಬಾಯಿ ಬಿಡಬೇಕು, ತಿಳೀತಾ?"

ಫಿರಂಗಿ ಕಿರುಚಿಕೊಂಡು ಓಡಿಬಂದು ಕಡ್ಡಿಯನ್ನು ಅನಾಮತ್ತಾಗಿ ಎತ್ತಿದಳು. ನೀಲಿಪಟ್ಟಿ ಸೊಂಟಕ್ಕೆ ಕೈಯಿಟ್ಟು, "ಕಳ್ಳಿ, ಮೊದಲೇ ಗೊತ್ತಿತ್ತಾ ನಿಂಗೆ! ಇಷ್ಟು ದಿನದ ಟೀ ಎಲ್ಲ ವಾಪಸ್ ಕೊಡು" ಎಂದಳು. ಆಮೇಲೆ ತಾನೂ ಬಂದು ತಬ್ಬಿಕೊಂಡಳು. ಕಡ್ಡಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ಎರಡೂ ಸೇರಿ ಅಳು ಬಂತು.

ಕಣ್ಣೊರೆಸಿಕೊಂಡು ನೋಡಿದರೆ ಅಪ್ಪ ಗ್ಯಾಲರಿಯಲ್ಲಿ ಇರಲಿಲ್ಲ. ಚೀಲ ಹೆಗಲಿಗೇರಿಸಿ ಮೈದಾನದೊಳಗೆ ಬಂದಿದ್ದ. ಮಾಮನ ಮಾತೆಲ್ಲ ಅವನ ಕಿವಿಗೂ ಬಿದ್ದಿತ್ತು. ಗೆರೆಯ ಹತ್ತಿರ ಚಪ್ಪಲಿ ಬಿಟ್ಟ, ಕಣ್ಣು ಮುಚ್ಚಿದ, ನಡೆಯತೊಡಗಿದ. ಕಡ್ಡಿ ಅವನ ಹೆಬ್ಬೆರಳಿನ ಮೇಲೇ ಕಣ್ಣಿಟ್ಟಳು. ಹತ್ತು ಚೆಂಡು ತಳ್ಳುವಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ.

ಅಪ್ಪ ಹೋದ, ಬಂದ. ಅಡ್ಡ ನಡೆದ, ಉದ್ದ ನಡೆದ. ಹೆಬ್ಬೆರಳಿನಿಂದ ನೆಲವನ್ನು ತಡಕಿದ. ಮೈದಾನದವರೆಲ್ಲ ಅವನನ್ನೇ ನೋಡುತ್ತಿದ್ದರು. ಕೊನೆಗೆ ನಡುವೆಯೇ ನಿಂತುಬಿಟ್ಟ. ಕಣ್ಣು ಮುಚ್ಚಿಯೇ ಇತ್ತು, ರೆಪ್ಪೆಯ ಅಂಚು ಮಾತ್ರ ಒದ್ದೆಯಾಗಿತ್ತು.

"ಎಲ್ಲಮ್ಮಾ ನಿನ್ನ ಜಾಯಿಂಟು?" ಎಂದ. "ಎಷ್ಟು ಹುಡುಕಿದ್ರೂ ಕಾಲಿಗೆ ಸಿಗ್ತಾನೇ ಇಲ್ವಲ್ಲ."