ಐದು ಹೆಸರಿನ ಮನೆ

ನಾನು ಒಂದು ಲೆಕ್ಕದ ತಂತ್ರಾಂಶ. ಒಂದು ಮನೆಯವರ ಶೇರು, ಬಾಂಡು, ಠೇವಣಿಗಳು ಎಷ್ಟು ಖಾತೆಗಳಲ್ಲಿ ಚದುರಿದ್ದರೂ ಒಂದೇ ಪರದೆಗೆ ತಂದು ತೋರಿಸುವುದು ನನ್ನ ಕಸುಬು. ಪುಣೆಯ ಇಬ್ಬರು ಇಂಜಿನಿಯರರು ನನ್ನನ್ನು ಬರೆದರು. ಕೂಡಿಸಲು, ಕಳೆಯಲು ಕಲಿಸಿದರು, ಕನಿಕರಪಡಲು ಕಲಿಸಲಿಲ್ಲ. ಹುಬ್ಬಳ್ಳಿಯ ಶೇರು ದಲ್ಲಾಳಿಯೊಬ್ಬ ನನ್ನನ್ನು ಗಿರಾಕಿಗಳಿಗೆ ತೋರಿಸಿ ನಾಲ್ಕು ವರ್ಷ ಮೆರೆದ. ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಸಮೇತ ಧಾರವಾಡದ ವಾಮನರಾಯರಿಗೆ ಮಾರಿದ.

ರಾಯರು ಹಳೆಯ ಶೇರುಪ್ರೇಮಿ. ಹಿಂದೆ ಹೊಸ ಕಂಪನಿಗಳು ಚೀಟಿ ಎತ್ತಿ ಶೇರು ಹಂಚುವಾಗ ಅರ್ಜಿ ಹೆಚ್ಚಿದ್ದಷ್ಟೂ ಅದೃಷ್ಟ ಹೆಚ್ಚು. ಹಾಗಾಗಿ ತಮ್ಮ ಹೆಸರು, ಹೆಂಡತಿಯದು, ಇಬ್ಬರು ಮಕ್ಕಳದು, ಅಕ್ಕನದು, ಹೀಗೆ ಐದು ಹೆಸರಲ್ಲಿ ಅರ್ಜಿ ಹಾಕುತ್ತಿದ್ದರು. ಆ ಐದು ಖಾತೆಗಳ ಕಾಗದವೆಲ್ಲ ನನಗೆ ತುಂಬುವ ಕೆಲಸ ಅಕ್ಕ ಕುಸುಮಾಬಾಯಿಯ ಪಾಲಿಗೆ ಬಂತು. ಆಕೆ ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವಳು, ಮದುವೆಯಾಗದವಳು, ತಮ್ಮನ ಮನೆಯಲ್ಲೇ ಇರುವವಳು. ಬರುವ ಪಿಂಚಣಿ ಮನೆಖರ್ಚಿಗೇ ಹೋಗುತ್ತಿತ್ತು. ಈಗ ಮೊಣಕಾಲು ಸವೆದುಹೋಗಿತ್ತು. ಶಸ್ತ್ರಚಿಕಿತ್ಸೆ ತಡವಾದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. 'ರೊಕ್ಕಾ ಎಲ್ಲದ?' ಎಂದು ತಮ್ಮ ಕೈಚೆಲ್ಲಿದ್ದ.

ಪ್ರತಿ ಶೇರಿಗೂ ನಾನು ಕೊಂಡ ದಿನಾಂಕ, ಚೆಕ್ಕಿನ ಸಂಖ್ಯೆ ಕೇಳುತ್ತೇನೆ. ಹಳೆಯ ಅರ್ಜಿಗಳನ್ನು ತೆಗೆದು ಆಕೆ ಒಂದೊಂದನ್ನೇ ತುಂಬಿದಳು. ಆಕೆಯ ಹೆಸರಿನ ಶೇರುಗಳಿಗೆ ಕೊಟ್ಟ ಚೆಕ್ಕುಗಳೆಲ್ಲ ಆಕೆಯ ಸಂಬಳದ ಖಾತೆಯವೇ. ಕೂಡಿಸಿ ತೋರಿಸಿದೆ. ಮನೆಯ ಐವರಲ್ಲಿ ದೊಡ್ಡ ಮೊತ್ತ ಆಕೆಯದೇ. ಆಕೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಆ ಮುದುಕಿಯ ಮುಖ ಅಷ್ಟು ಅರಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ವಾಮನಾ, ಇದರಾಗ ನನ್ನ ಮಣಕಾಲಿಗೆ ಆಗೋವಷ್ಟು ಮಾರತೀ ಏನು?"

"ಹೆಸರು ನಿಂದು ಅಕ್ಕಾ, ಬುದ್ಧಿ ನಂದು," ಎಂದು ರಾಯರು ನಕ್ಕರು. "ನಾ ಹೇಳಲಿಲ್ಲಂದ್ರ ಆ ರೊಕ್ಕಾ ಪೋಸ್ಟಿನಾಗ ಕೊಳೀತಿತ್ತು."

ಆಕೆ ಸುಮ್ಮನಾಗಲಿಲ್ಲ. ಊಟಕ್ಕೆ ಕುಳಿತಾಗ ಕೇಳಿದಳು, ಪೂಜೆ ಮುಗಿದಾಗ ಕೇಳಿದಳು. ವಾರ ಕಳೆದ ಮೇಲೆ ರಾಯರು ಮೆತ್ತಗಾದರು. ಫಾರಂ ತಂದು ಪೆನ್ಸಿಲ್ ಗುರುತು ಹಾಕಿದಲ್ಲಿ ಸಹಿ ಮಾಡು ಎಂದರು. ಆಕೆ ಓದದೆ ಮಾಡಿದಳು, ಮೊದಲಿನಿಂದಲೂ ಹಾಗೇ ರೂಢಿ. ಒಪ್ಪಿಗೆಗೆಂದು ಫೋನಿಗೆ ಬಂದ ಒಟಿಪಿ ಅಂಕಿಗಳನ್ನೂ ಓದಿ ಹೇಳಿದಳು. ಅಂದೇ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡಿಕೊಂಡಳು.

ನಾಲ್ಕು ದಿನದ ನಂತರ ರಾಯರು ಒಂದು ಚೀಟಿ ತಂದು ಕೀಲಿಮಣೆಯ ಪಕ್ಕ ಇಟ್ಟರು. "ಇದನ್ನೂ ತುಂಬಿಬಿಡು ಅಕ್ಕಾ. ನಿನ್ನಷ್ಟು ಚೊಕ್ಕ ಯಾರಿಗೂ ಬರಂಗಿಲ್ಲ."

ವ್ಯವಹಾರ ಯಾವುದು ಎಂದು ನಾನು ಕೇಳುವ ಕಡೆ ಆಕೆ ಖುಷಿಯಿಂದ 'ಮಾರಾಟ' ಆರಿಸಿದಳು. ಆಮೇಲೆ ಚೀಟಿ ನೋಡಿದಳು. ಅದರಲ್ಲಿ 'ದಾನ' ಎಂದಿತ್ತು. ಕೊಟ್ಟವರು ಕುಸುಮಾಬಾಯಿ, ಪಡೆದವರು ವಾಮನರಾವ್, ಎಲ್ಲ ಶೇರುಗಳು. ಬೆರಳು ಕೀಲಿಯ ಮೇಲೆಯೇ ನಿಂತಿತು.

"ಇದು ಮಾರಿದ್ದಲ್ಲಲ್ಲ, ವಾಮನಾ."

"ಮನೀ ರೊಕ್ಕಾ ಮನ್ಯಾಗ ಉಳೀತು. ಈ ವಯಸ್ಸಿನಾಗ ಹೊಸಾ ಮಣಕಾಲು ಹಾಕ್ಕೊಂಡು ಎಲ್ಲಿಗೆ ಓಡೋದದ? ತುಂಬು, ಅನ್ನ ಆರತದ."

ಆಕೆ 'ಮಾರಾಟ' ಅಳಿಸಿ 'ದಾನ' ಆರಿಸಿದಳು. ಒಂದೂ ತಪ್ಪಿಲ್ಲದೆ ತುಂಬಿದಳು. ನಾನು ಆಕೆಯ ಕಡೆ ಕಳೆದು ಆತನ ಕಡೆ ಕೂಡಿಸಿದೆ. ಶೂನ್ಯವಾದ ಖಾತೆಯನ್ನು ಪರದೆಯಲ್ಲಿ ತೋರಿಸಬಾರದೆಂದು ನನ್ನನ್ನು ಬರೆದವರ ಕಟ್ಟಳೆ. ಪಟ್ಟಿಯಲ್ಲಿ ನಾಲ್ಕೇ ಹೆಸರು ಉಳಿದವು. "ಈಗ ನೋಡು, ಎಷ್ಟು ನೀಟಾತು," ಎಂದರು ರಾಯರು.

ಈಗ ನಾನು ಮುದಿಯಾಗಿದ್ದೇನೆ. ರಾಯರು ಎಲ್ಲವನ್ನೂ ಮೊಬೈಲಿನಲ್ಲಿ ನೋಡುತ್ತಾರೆ. ಹಾಸಿಗೆ ಹಿಡಿದ ಕುಸುಮಾಬಾಯಿಯ ಕೋಣೆಯಲ್ಲೇ ಈ ಕಂಪ್ಯೂಟರನ್ನೂ ಮೂಲೆಗೆ ಇಟ್ಟಿದ್ದಾರೆ. ಆ ಚೆಕ್ಕುಗಳ ಸಂಖ್ಯೆ, ದಿನಾಂಕ ಎಲ್ಲವೂ ನನ್ನಲ್ಲಿ ಭದ್ರವಾಗಿವೆ. ಯಾರಾದರೂ ಕೇಳಿದರೆ ಒಂದು ಗಳಿಗೆಯಲ್ಲಿ ತೋರಿಸಬಲ್ಲೆ. ಅದು ಆಕೆಗೂ ಗೊತ್ತು. ಆದರೆ ಹೊತ್ತುಹೊತ್ತಿಗೆ ಊಟದ ತಟ್ಟೆ ಬರುವುದು ತಮ್ಮನ ಅಡುಗೆಮನೆಯಿಂದ.